ಮನೆ ತೋಟದಲ್ಲಿ ಹಲವು ಸುತ್ತಿನ ಪಾಪ್ಪಿ ಹೂಗಳು: ಬೆಳೆಯಬಹುದಾದ ಮತ್ತು ಬೆಳೆಯಬಾರದ ಜಾತಿಗಳು

ಪೀಠಿಕೆ

ಚಳಿಗಾಲದ ವಾರ್ಷಿಕ ಹೂಗಿಡಗಳಲ್ಲಿ ಪಾಪ್ಪಿಗೆ ವಿಶಿಷ್ಟ ಸ್ಥಾನವಿದೆ. ಸಾಮಾನ್ಯ ಪಾಪ್ಪಿ ಹೂವಿಗೆ ನಾಲ್ಕೇ ಎಸಳುಗಳಿರುತ್ತವೆ. ಕೆಲವು ತಳಿಗಳಲ್ಲಿ ಕೇಸರಗಳು ಎಸಳುಗಳಾಗಿ ಮಾರ್ಪಟ್ಟು, ಏಳು ಸುತ್ತಿನ ಮಲ್ಲಿಗೆಯಂತೆ ಹೂವು ತುಂಬಿಕೊಳ್ಳುತ್ತದೆ. ಇಂತಹ ಹಲವು ಸುತ್ತಿನ ಹೂಗಳು ಒಂದಕ್ಕಿಂತ ಹೆಚ್ಚು ಜಾತಿಗಳಲ್ಲಿ ಕಂಡುಬರುತ್ತವೆ. ಅವುಗಳಲ್ಲಿ ಒಂದು ಅಫೀಮು ಗಿಡವೇ ಆಗಿರುವುದರಿಂದ, ಬೀಜ ಕೊಳ್ಳುವ ಮೊದಲು ಸಾರ್ವಜನಿಕರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಅವಶ್ಯಕ.

1. ಬೆಳೆಯಬಾರದ ಜಾತಿ

ಪಿಯೋನಿ ಪಾಪ್ಪಿ, ಕಾರ್ನೇಶನ್ ಪಾಪ್ಪಿ, ಬ್ರೆಡ್‌ಸೀಡ್ ಪಾಪ್ಪಿ ಎಂಬ ಹೆಸರುಗಳಲ್ಲಿ ಮಾರಾಟವಾಗುವ ಅಲಂಕಾರಿಕ ಗಿಡಗಳು ಪಪಾವರ್ ಸೋಮ್ನಿಫೆರಮ್ ಎಂಬ ಜಾತಿಗೆ, ಅಂದರೆ ಅಫೀಮು ಗಿಡದ ಜಾತಿಗೆ ಸೇರಿವೆ. ಬ್ರಿಟನ್ನಿನಲ್ಲಿ ಇವುಗಳನ್ನು ಅಲಂಕಾರಕ್ಕಾಗಿ ಮನೆ ತೋಟದಲ್ಲಿ ಬೆಳೆಸಲು ನಿರ್ಬಂಧವಿಲ್ಲ. ಭಾರತದಲ್ಲಿ ಸ್ಥಿತಿ ಬೇರೆ. ಎನ್.ಡಿ.ಪಿ.ಎಸ್. ಕಾಯ್ದೆ ಎಂದು ಪರಿಚಿತವಾಗಿರುವ 1985ರ ಮಾದಕ ವಸ್ತುಗಳ ಕಾಯ್ದೆಯ ಕಲಂ 8ರ ಪ್ರಕಾರ ಪರವಾನಗಿಯಿಲ್ಲದೆ ಈ ಜಾತಿಯನ್ನು ಬೆಳೆಯುವುದು ನಿಷಿದ್ಧ. ಹೂವಿಗಾಗಿ ಬೆಳೆದದ್ದು ಎಂಬ ಕಾರಣಕ್ಕೆ ಅಥವಾ ಗಿಡಗಳ ಸಂಖ್ಯೆ ಕಡಿಮೆ ಎಂಬ ಕಾರಣಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇಲ್ಲ. ಕಲಂ 18ರ ಅನ್ವಯ ಅಕ್ರಮ ಬೇಸಾಯಕ್ಕೆ 10 ವರ್ಷಗಳವರೆಗೆ ಕಠಿಣ ಕಾರಾಗೃಹವಾಸ ಮತ್ತು 1 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಕೇಂದ್ರ ಮಾದಕ ವಸ್ತು ಬ್ಯೂರೋದ ಪರವಾನಗಿಯೊಂದಿಗೆ ಮಧ್ಯಪ್ರದೇಶ, ರಾಜಸ್ಥಾನ ಮತ್ತು ಉತ್ತರ ಪ್ರದೇಶಗಳ ಅಧಿಸೂಚಿತ ಪ್ರದೇಶಗಳಲ್ಲಿ ಮಾತ್ರ ರೈತರು ಇದನ್ನು ಬೆಳೆಯುತ್ತಾರೆ.

ಪಾಯಸಕ್ಕೆ ಬಳಸುವ ಗಸಗಸೆಯೂ ಇದೇ ಗಿಡದ ಬೀಜ. ಅದನ್ನು ಕೊಳ್ಳುವುದು ಮತ್ತು ಅಡುಗೆಗೆ ಬಳಸುವುದು ಅಪರಾಧವಲ್ಲ. ಆದರೆ ಅಂಗಡಿಯ ಗಸಗಸೆ ಮೊಳೆಯುವ ಸಾಧ್ಯತೆ ಇರುವುದರಿಂದ ಕುತೂಹಲಕ್ಕಾಗಿಯೂ ಅದನ್ನು ಮಣ್ಣಿಗೆ ಹಾಕಬಾರದು.

2. ಬೆಳೆಯಬಹುದಾದ ಜಾತಿ

ಮನೆ ತೋಟಕ್ಕೆ ಸೂಕ್ತವಾದದ್ದು ಶರ್ಲಿ ಪಾಪ್ಪಿ. ಇದರ ಜಾತಿ ಪಪಾವರ್ ರೋಯಾಸ್. ಇಂಗ್ಲೆಂಡಿನ ಶರ್ಲಿ ಎಂಬ ಊರಿನ ಪಾದ್ರಿ ವಿಲಿಯಂ ವಿಲ್ಕ್ಸ್ ಅವರು 1880ರ ಸುಮಾರಿಗೆ, ಬಿಳಿ ಅಂಚಿದ್ದ ಒಂದು ಕಾಡು ಪಾಪ್ಪಿ ಹೂವಿನ ಬೀಜದಿಂದ ಆರಂಭಿಸಿ ವರ್ಷ ವರ್ಷವೂ ಆಯ್ಕೆ ಮಾಡುತ್ತಾ ಇದನ್ನು ರೂಪಿಸಿದರು. ಇದರಲ್ಲಿಯೂ ಶರ್ಲಿ ಡಬಲ್, ಏಂಜೆಲ್ಸ್ ಕಾಯರ್ ಮುಂತಾದ ಹಲವು ಸುತ್ತಿನ ತಳಿಗಳಿವೆ.

3. ಗುರುತಿಸುವ ವಿಧಾನ

ಅಫೀಮು ಗಿಡ: ಎಲೆಗಳು ನುಣುಪಾಗಿದ್ದು, ಮೇಣ ಸವರಿದಂತೆ ಬೂದು ಮಿಶ್ರಿತ ನೀಲಿ ಹಸಿರು ಬಣ್ಣದಲ್ಲಿರುತ್ತವೆ. ಮೇಲಿನ ಎಲೆಗಳ ಬುಡ ಕಾಂಡವನ್ನು ತಬ್ಬಿಕೊಂಡಿರುತ್ತದೆ. ಕಾಯಿ ದಪ್ಪ ಮತ್ತು ದುಂಡಗಿರುತ್ತದೆ.

ಶರ್ಲಿ ಪಾಪ್ಪಿ: ಕಾಂಡ ಮತ್ತು ಮೊಗ್ಗಿನ ಮೇಲೆ ಒರಟು ರೋಮಗಳಿರುತ್ತವೆ. ಎಲೆಗಳು ಹಸಿರಾಗಿದ್ದು ಆಳವಾಗಿ ಸೀಳಿರುತ್ತವೆ ಮತ್ತು ಕಾಂಡವನ್ನು ತಬ್ಬುವುದಿಲ್ಲ. ಕಾಯಿ ಚಿಕ್ಕದು.

ಬೀಜದಿಂದ ಜಾತಿಯನ್ನು ಗುರುತಿಸುವುದು ಸುಲಭವಲ್ಲ. ಆದ್ದರಿಂದ ಪೊಟ್ಟಣದ ಮೇಲೆ ಸಸ್ಯಶಾಸ್ತ್ರೀಯ ಹೆಸರು ಮುದ್ರಿತವಾಗಿಲ್ಲದ ಬೀಜವನ್ನು ಕೊಳ್ಳದಿರುವುದು ಕ್ಷೇಮ. ವಿದೇಶದಿಂದ ಬೀಜ ತರಿಸಲು 2003ರ ಸಸ್ಯ ಸಂಪರ್ಕನಿಷೇಧ ಆದೇಶದನ್ವಯ ಆಮದು ಅನುಮತಿ ಮತ್ತು ಸಸ್ಯ ಆರೋಗ್ಯ ಪ್ರಮಾಣ ಪತ್ರ ಅಗತ್ಯ.

4. ಬೇಸಾಯ ಕ್ರಮ

ರಾಜ್ಯದ ಒಳನಾಡಿನಲ್ಲಿ ಅಕ್ಟೋಬರ್–ನವೆಂಬರ್ ಬಿತ್ತನೆಗೆ ಸೂಕ್ತ ಕಾಲ. ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೀಳುವ, ನೀರು ನಿಲ್ಲದ ಜಾಗವನ್ನು ಆರಿಸಬೇಕು. ಜೇಡಿ ಮಣ್ಣಾಗಿದ್ದಲ್ಲಿ ಮರಳು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಬೇಕು. ಸಾರಜನಕ ಹೆಚ್ಚಾದರೆ ಎಲೆ ಹುಲುಸಾಗಿ ಬೆಳೆದು ಹೂವು ಕಡಿಮೆಯಾಗುತ್ತದೆ.

ಬೀಜ ರಾಗಿಗಿಂತಲೂ ಸಣ್ಣದು. ಒಣ ಮರಳಿನೊಂದಿಗೆ ಬೆರೆಸಿ ಮಡಿಯ ಮೇಲೆ ತೆಳುವಾಗಿ ಚೆಲ್ಲಿ, ಕೈಯಿಂದ ಮೆಲ್ಲಗೆ ಒತ್ತಿದರೆ ಸಾಕು. ನೀರನ್ನು ಸಣ್ಣ ರಂಧ್ರಗಳ ಕ್ಯಾನಿನಿಂದ ಹನಿಸಬೇಕು. 10ರಿಂದ 15 ದಿನಗಳಲ್ಲಿ ಮೊಳಕೆ ಕಾಣಿಸುತ್ತದೆ. ತಾಯಿಬೇರಿಗೆ ಪೆಟ್ಟಾದರೆ ಸಸಿ ಚೇತರಿಸಿಕೊಳ್ಳುವುದು ಕಷ್ಟವಾದ್ದರಿಂದ ನಾಟಿ ಮಾಡದೆ, ಬಿತ್ತಿದಲ್ಲಿಯೇ ಬೆಳೆಸಬೇಕು. ಸಸಿಗಳು ಬೆರಳುದ್ದವಾದಾಗ ಗಿಡದಿಂದ ಗಿಡಕ್ಕೆ 20ರಿಂದ 25 ಸೆಂ.ಮೀ. ಅಂತರ ಉಳಿಯುವಂತೆ ಹೆಚ್ಚಿನವನ್ನು ಕೀಳಬೇಕು. ಬಿತ್ತಿದ ಸುಮಾರು 3 ತಿಂಗಳಿಗೆ ಹೂವು ಆರಂಭವಾಗುತ್ತದೆ. ಒಂದು ಹೂವು ಎರಡು ಮೂರು ದಿನ ಮಾತ್ರ ಬಾಳುತ್ತದೆಯಾದರೂ, ಬಾಡಿದ ಹೂವನ್ನು ಚಿವುಟುತ್ತಿದ್ದರೆ ಹೊಸ ಮೊಗ್ಗುಗಳು ಬರುತ್ತವೆ. ಸಸ್ಯಹೇನು ಕಂಡಲ್ಲಿ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಸ್ವಲ್ಪ ಸಾಬೂನು ದ್ರಾವಣ ಸೇರಿಸಿ ಸಿಂಪಡಿಸಬಹುದು.

5. ಬೀಜ ಸಂಗ್ರಹಣೆ

ಹಲವು ಸುತ್ತಿನ ತಳಿಯ ಬೀಜದಲ್ಲಿಯೂ ಕೆಲವು ಒಂಟಿ ಸುತ್ತಿನ ಗಿಡಗಳು ಹುಟ್ಟುತ್ತವೆ. ಜೇನ್ನೊಣಗಳಿಂದ ಪರಾಗ ಬೆರೆಯುವುದರಿಂದ, ಅಂತಹ ಗಿಡಗಳನ್ನು ಮೊದಲ ಹೂವು ಅರಳಿದಾಗಲೇ ಕೀಳಬೇಕು. ಉತ್ತಮ ಹೂಗಳಿರುವ ಎರಡು ಮೂರು ಗಿಡಗಳಲ್ಲಿ ಕಾಯಿ ಬಲಿಯಲು ಬಿಟ್ಟು, ಕಾಯಿಯ ತಲೆಯ ಕೆಳಗೆ ರಂಧ್ರಗಳು ತೆರೆದಾಗ ಬೀಜವನ್ನು ಕಾಗದದ ಚೀಲಕ್ಕೆ ಉದುರಿಸಿಕೊಳ್ಳಬೇಕು.

6. ಸೂಚನೆ

ಶರ್ಲಿ ಪಾಪ್ಪಿ ತಿನ್ನಲು ಯೋಗ್ಯವಲ್ಲ. ಮಕ್ಕಳು ಮತ್ತು ಜಾನುವಾರುಗಳಿಂದ ದೂರವಿಡಬೇಕು. ತಮ್ಮ ಜಮೀನಿನಲ್ಲಿ ಅಫೀಮು ಗಿಡವನ್ನು ಅಕ್ರಮವಾಗಿ ಬೆಳೆದಿರುವುದು ಕಂಡುಬಂದಲ್ಲಿ, ಎನ್.ಡಿ.ಪಿ.ಎಸ್. ಕಾಯ್ದೆಯ ಕಲಂ 46ರ ಪ್ರಕಾರ ಭೂ ಹಿಡುವಳಿದಾರರು ಪೊಲೀಸರಿಗೆ ಅಥವಾ ಸಂಬಂಧಿಸಿದ ಇಲಾಖೆಯ ಅಧಿಕಾರಿಗೆ ತಕ್ಷಣ ಮಾಹಿತಿ ನೀಡತಕ್ಕದ್ದು. ಗೊತ್ತಿದ್ದೂ ತಿಳಿಸದಿರುವುದು ಶಿಕ್ಷಾರ್ಹವಾಗಿರುತ್ತದೆ.