ಹೆರಿಗೆಯ ನಂತರದ ಎರಡು ಗಂಟೆ

ಬಸುರಿ-ಬಾಣಂತಿಯರನ್ನು ಕಾಡುವ ತೊಡಕುಗಳಲ್ಲಿ ಹೆರಿಗೆಯ ನಂತರದ ಅತಿರಕ್ತಸ್ರಾವದಷ್ಟು ಬೇಗ ಪ್ರಾಣಕ್ಕೆ ಎರವಾಗುವಂಥವು ವಿರಳ. ದಿನ ತುಂಬಿದ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಮಿಕ್ಕಿ ರಕ್ತ ಹರಿದುಬರುತ್ತಿದ್ದು, ಮಗು ಹುಟ್ಟಿ ಮಾಸು ಕಳಚಿದೊಡನೆ ಗರ್ಭಕೋಶದ ಸ್ನಾಯುಗಳು ಬಿಗಿಯಾಗಿ ಕುಗ್ಗಿ, ತಮ್ಮ ಎಳೆಗಳ ನಡುವೆ ಹಾಯುವ ರಕ್ತನಾಳಗಳನ್ನು ಹಿಸುಕಿ ಮುಚ್ಚುತ್ತವೆ. ಹಾಗೆ ಕುಗ್ಗದೆ ಗರ್ಭಕೋಶ ಸಡಿಲವಾಗಿಯೇ ಉಳಿದರೆ ರಕ್ತ ಸುರಿಯುತ್ತಲೇ ಹೋಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಎರಡು ಗಂಟೆಯೊಳಗೇ ಸಾವು ಸಂಭವಿಸಬಹುದು. ಸಹಜ ಹೆರಿಗೆಯಲ್ಲಿ 500 ಮಿ.ಲೀ. ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಅತಿರಕ್ತಸ್ರಾವವೆಂದು ಎಣಿಸುವ ವಾಡಿಕೆಯಿದೆಯಾದರೂ, ಮೊದಲೇ ರಕ್ತಹೀನತೆಯಿಂದ ನಿತ್ರಾಣಳಾದವಳಿಗೆ ಅದಕ್ಕಿಂತ ಕಡಿಮೆ ನಷ್ಟವೂ ಅಪಾಯಕಾರಿಯೇ.

ಮಲಪ್ರಭೆಯ ದಂಡೆಯ ರಾಮದುರ್ಗದಿಂದ ಜಿಲ್ಲಾ ಕೇಂದ್ರವಾದ ಬೆಳಗಾವಿಗೆ ಸುಮಾರು ನೂರು ಕಿ.ಮೀ. ದಾರಿಯಿರುವುದನ್ನು ನೆನೆದರೆ, ಈ ಎರಡು ಗಂಟೆಗಳ ಲೆಕ್ಕ ಹಳ್ಳಿಯ ಬಾಣಂತಿಗೆ ಎಷ್ಟು ಬಿಗಿಯಾದುದೆಂದು ತಿಳಿಯುತ್ತದೆ. ಗರ್ಭಕೋಶವನ್ನು ಕುಗ್ಗಿಸುವ ಆಕ್ಸಿಟೋಸಿನ್ ಎಂಬ ಔಷಧವಿದ್ದರೂ ಅದನ್ನು ತಂಪಿನಲ್ಲಿ ಕಾಪಾಡಬೇಕು, ಸೂಜಿಯ ಮೂಲಕವೇ ಕೊಡಬೇಕು. ಹೀಗಾಗಿ ಮನೆಯಲ್ಲೋ ಉಪಕೇಂದ್ರದಲ್ಲೋ ಆಗುವ ಹೆರಿಗೆಗೆ ಅದು ಸುಲಭವಾಗಿ ಒದಗುವಂಥದಲ್ಲ.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಮಹಾವಿದ್ಯಾಲಯದ ಬಿ. ಎಸ್. ಕೊಡಕಣಿ, ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ರಿಚರ್ಡ್ ಡರ್ಮನ್ ಅವರೊಡನೆ ಸೇರಿ ಕೈಗೊಂಡ ಸಂಶೋಧನೆಯ ಆರಂಭಬಿಂದು ಈ ಕೊರತೆಯೇ. ಹೊಟ್ಟೆಹುಣ್ಣಿಗೆಂದು ರೂಪುಗೊಂಡ ಮಿಸೊಪ್ರೊಸ್ಟೋಲ್ ಮಾತ್ರೆಗೆ ಗರ್ಭಕೋಶವನ್ನು ಕುಗ್ಗಿಸುವ ಗುಣವೂ ಇರುವುದರಿಂದ, 2002ರಿಂದ 2005ರವರೆಗೆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1,620 ಬಾಣಂತಿಯರ ಪೈಕಿ 812 ಮಂದಿಗೆ ಅದನ್ನೂ, ಉಳಿದವರಿಗೆ ನೋಡಲು ಹಾಗೆಯೇ ಇದ್ದು ಔಷಧಗುಣವಿಲ್ಲದ ಮಾತ್ರೆಯನ್ನೂ ನುಂಗಿಸಲಾಯಿತು. ಹೆರಿಗೆ ಮಾಡಿಸಿದವರು ತಜ್ಞವೈದ್ಯರಲ್ಲ, ಹಳ್ಳಿಯವರು ನರ್ಸಮ್ಮ ಎಂದು ಕರೆಯುವ 25 ಮಂದಿ ಆರೋಗ್ಯ ಸಹಾಯಕಿಯರು.

ಮಾತ್ರೆ ಫಲಿಸಿತೇ ಎಂದು ತಿಳಿಯಲು ರಕ್ತನಷ್ಟವನ್ನು ಅಳೆಯಬೇಕು; ಆದರೆ ಹರಿದ ರಕ್ತ ಎಷ್ಟೆಂಬುದನ್ನು ಕಣ್ಣಂದಾಜಿನಲ್ಲಿ ಹೇಳಲಾಗದು. ಅದು ಬಟ್ಟೆಗೆ ಇಂಗುತ್ತದೆ, ನೆಲಕ್ಕೆ ಹರಡುತ್ತದೆ, ನೀರಿನೊಡನೆ ಬೆರೆಯುತ್ತದೆ. ಬಾಣಂತಿಯ ಕೆಳಗೆ ಹಾಸಿ ಸೊಂಟಕ್ಕೆ ಕಟ್ಟುವ, ಕೆಳತುದಿಯಲ್ಲಿ ಆಲಿಕೆಯಂತೆ ಕಿರಿದಾಗುವ ಚೀಲವಿರುವ ಪ್ಲಾಸ್ಟಿಕ್ ಹಾಳೆಯೊಂದನ್ನು ಇದಕ್ಕಾಗಿಯೇ ರೂಪಿಸಲಾಯಿತು; ಚೀಲದ ಮೇಲಿನ ಅಳತೆಗೆರೆಗಳನ್ನು ನೋಡಿ ಎಷ್ಟು ರಕ್ತ ಹೋಯಿತೆಂದು ಹೇಳಬಹುದು. ಬೆಳಗಾವಿಯ ಜಿಲ್ಲಾಸ್ಪತ್ರೆಯಲ್ಲಿ 123 ಹೆರಿಗೆಗಳಲ್ಲಿ ಹೋಲಿಸಿ ನೋಡಿದಾಗ, ಕಣ್ಣಂದಾಜಿನ ಸರಾಸರಿ ಹಾಳೆ ತೋರಿಸಿದ ಸರಾಸರಿಗಿಂತ ಶೇ. 33ರಷ್ಟು ಕಡಿಮೆಯಿತ್ತು.

ಈ ಹಾಳೆಯ ಅಳತೆಯನ್ನೇ ಆಧರಿಸಿದ ಮಾತ್ರೆಯ ಅಧ್ಯಯನ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಮಿಸೊಪ್ರೊಸ್ಟೋಲ್ ಪಡೆದವರಲ್ಲಿ ಅತಿರಕ್ತಸ್ರಾವ ಶೇ. 12ರಿಂದ 6.4ಕ್ಕೂ, ಒಂದು ಲೀಟರಿನ ಮಟ್ಟದ ತೀವ್ರ ಸ್ರಾವ ಶೇ. 1.2ರಿಂದ 0.2ಕ್ಕೂ ಇಳಿದಿತ್ತು; ಅಂದರೆ 18 ಮಂದಿಗೆ ಮಾತ್ರೆ ಕೊಟ್ಟರೆ ಒಬ್ಬಳಿಗೆ ಅತಿರಕ್ತಸ್ರಾವ ತಪ್ಪುತ್ತದೆ. ಚಳಿನಡುಕ, ಜ್ವರ ಕಾಣಿಸಿಕೊಂಡರೂ ಅವು ತಾತ್ಕಾಲಿಕವಾಗಿದ್ದವು. ಮುಂದೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಮಿಸೊಪ್ರೊಸ್ಟೋಲನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮಾತ್ರೆಯಷ್ಟೇ ಮಹತ್ವ ಹಾಳೆಗೂ ಇದೆಯೆಂಬುದು ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ‘ಇ-ಮೋಟಿವ್’ ಅಧ್ಯಯನದಿಂದ ಸ್ಪಷ್ಟವಾಯಿತು. ವಾಡಿಕೆಯ ಆರೈಕೆಯಿದ್ದ ಕಡೆ ಅತಿರಕ್ತಸ್ರಾವದ ಅರ್ಧದಷ್ಟು ಪ್ರಕರಣಗಳು ಮಾತ್ರ ಗುರುತಿಗೆ ಬಂದಿದ್ದರೆ, ಇಂಥದೇ ಅಳತೆಯ ಹಾಳೆ ಬಳಸಿ, ಗರ್ಭಕೋಶ ತಿಕ್ಕುವುದು, ಔಷಧ, ದ್ರವ ಎಲ್ಲವನ್ನೂ ಒಟ್ಟಿಗೆ ಕೊಟ್ಟ ಕಡೆ ಶೇ. 93ರಷ್ಟು ಪತ್ತೆಯಾದವು; ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯಬೇಕಾಗುವುದು ಅಥವಾ ಅದರಿಂದಾಗುವ ಸಾವು ಇವುಗಳ ಒಟ್ಟು ಪ್ರಮಾಣ ಶೇ. 4.3ರ ಬದಲು 1.6ರಷ್ಟಿತ್ತು.

ದೂರದ ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುವ ಸಹಾಯಕಿಗೆ ಈ ಸಂಶೋಧನೆ ನೀಡುವುದು ಸಮಯವನ್ನು: ಬಾಣಂತಿಯ ಮುಖ ಬಿಳುಪೇರುವವರೆಗೆ ಕಾಯದೆ, ಚೀಲದ ರಕ್ತ 500ರ ಗೆರೆ ಮುಟ್ಟಿದ್ದನ್ನು ಕಂಡ ಕೂಡಲೇ ಔಷಧ ಕೊಟ್ಟು 108ಕ್ಕೆ ಕರೆ ಮಾಡಿದರೆ, ದೊಡ್ಡಾಸ್ಪತ್ರೆಯ ದಾರಿ ಎರಡು ಗಂಟೆಯದಾದರೂ ಆಕೆ ಜೀವಂತವಾಗಿ ತಲುಪುವ ಸಾಧ್ಯತೆ ಹೆಚ್ಚುತ್ತದೆ.