ಪೇಟೆಯಿಂದ ಬಂದ ಮೇಕೆ ನೇರ ರೊಪ್ಪಕ್ಕೆ ಬೇಡ

ಇಲಿ ಬಿತ್ತೆಂದರೆ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲದ ಮಾತನ್ನು ನೀವು ಹಿರಿಯರ ಬಾಯಲ್ಲಿ ಕೇಳಿರಬಹುದು. ಆ ಪ್ಲೇಗ್ ಮಾರಿ ಬೆಂಗಳೂರಿಗೆ ಬಂದದ್ದು 1898ರಲ್ಲಿ. ಚಾಮರಾಜಪೇಟೆ ಅದಕ್ಕೆ ಕೆಲವು ವರ್ಷ ಮೊದಲೇ, 1892ರಲ್ಲಿ ಹುಟ್ಟಿತ್ತು. ಮಾರಿ ಬಂದ ಮೇಲೆ ಹಳೇ ಪೇಟೆಯ ಇಕ್ಕಟ್ಟು ಓಣಿಗಳನ್ನು ಬಿಟ್ಟ ಜನ ಗಾಳಿ ಬೆಳಕಿನ ಹೊಸ ಬಡಾವಣೆಗಳಾದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮನೆ ಕಟ್ಟಿಕೊಂಡರು. ಒತ್ತೊತ್ತಾಗಿ ಇರಬಾರದು, ರೋಗದ ಜಾಗದಿಂದ ಬಂದವರು ಕೆಲವು ದಿನ ಬೇರೆಯಾಗಿರಬೇಕು ಎಂಬ ಪಾಠವನ್ನು ನಮ್ಮವರು ಆಗ ಕಷ್ಟಪಟ್ಟು ಕಲಿತರು. ನಮಗಾಗಿ ಕಲಿತ ಆ ಪಾಠವನ್ನು ಕುರಿ ಮೇಕೆಗಳ ವಿಷಯದಲ್ಲಿ ಮಾತ್ರ ನಾವು ಮರೆತುಬಿಡುತ್ತೇವೆ.

ಬಕ್ರೀದ್ ಹಬ್ಬಕ್ಕೆ ಮುಂಚಿನ ದಿನಗಳಲ್ಲಿ ಅದೇ ಚಾಮರಾಜಪೇಟೆಯ ಮೈದಾನದ ಆಸುಪಾಸಿಗೆ ಹೋಗಿ ನೋಡಿ. ಬನ್ನೂರಿನ ಕುಳ್ಳ ಕುರಿ ಒಂದು ಕಡೆ, ಉತ್ತರದ ಜಿಲ್ಲೆಗಳ ಎತ್ತರದ ಟಗರು ಇನ್ನೊಂದು ಕಡೆ, ನಡುವೆ ಹೋತಗಳು. ಹತ್ತು ಕಡೆಯಿಂದ ಬಂದ ಜೀವಗಳು ಒಂದೇ ಹಗ್ಗದ ಸಾಲಿನಲ್ಲಿ ನಿಂತು, ಒಂದೇ ಬಾನಿಯ ನೀರು ಕುಡಿದು, ಮೂತಿಗೆ ಮೂತಿ ತಾಗಿಸಿಕೊಂಡು ದಿನಗಟ್ಟಲೆ ಇರುತ್ತವೆ. ಮಾರಾಟವಾದವು ಆಯಿತು. ಮಾರಾಟವಾಗದೆ ಉಳಿದವು ಲಾರಿ ಹತ್ತಿ ಊರಿಗೆ ಮರಳುತ್ತವೆ. ಬೆಲೆ ಇಳಿದಿದೆಯೆಂದು ಕೊನೆಯ ದಿನ ಒಂದೆರಡು ಮೇಕೆ ಕೊಂಡು ತರುವವರೂ ಇದ್ದಾರೆ. ಅಪಾಯವಿರುವುದು ಈ ಮರುಪ್ರಯಾಣದಲ್ಲಿಯೇ.

ಒಂದು ಲೆಕ್ಕ ಹಾಕಿ. ಮನೆಯಲ್ಲಿ ಮೂವತ್ತು ತಲೆ ಇವೆ. ಹತ್ತು ಮರಿ ಒಯ್ದು ಎಂಟು ಮಾರಿದಿರಿ, ಎರಡನ್ನು ವಾಪಸು ತಂದು ರಾತ್ರಿಯೇ ರೊಪ್ಪಕ್ಕೆ ಬಿಟ್ಟಿರಿ. ಆ ಎರಡು ರೋಗ ಹೊತ್ತು ತಂದಿದ್ದರೆ ಎಂಟು ಮರಿಯ ಲಾಭ ಹೋಗುವುದಿರಲಿ, ಮೂವತ್ತು ತಲೆಗೂ ಸಂಚಕಾರ ಬಂದಂತೆ.

ಹೊತ್ತು ತರುವ ರೋಗ ಯಾವುದು?

ಮುಖ್ಯವಾದದ್ದು ಪಿ.ಪಿ.ಆರ್. ಇದು ಫ್ರೆಂಚ್ ಹೆಸರಿನ ಮೊದಲಕ್ಷರಗಳು. ಸಣ್ಣ ಮೆಲುಕು ಪ್ರಾಣಿಗಳ ಪ್ಲೇಗ್ ಎಂದೇ ಅದರ ಅರ್ಥ. ಮನುಷ್ಯರ ಪ್ಲೇಗಿನ ರೋಗಾಣುವೇ ಬೇರೆ, ಇದರ ವೈರಾಣುವೇ ಬೇರೆ. ಇದು ನಮಗೆ ತಗಲುವುದಿಲ್ಲ. ಆದರೆ ಮಂದೆಗೆ ಹೊಕ್ಕರೆ ಅಷ್ಟೇ ಉಗ್ರ. ಭಾರತದಲ್ಲಿ ಇದು ಮೊದಲು ಪತ್ತೆಯಾದದ್ದು 1987ರಲ್ಲಿ, ನೆರೆಯ ತಮಿಳುನಾಡಿನಲ್ಲಿ. ಜ್ವರ, ಕಣ್ಣು ಮೂಗಿನಲ್ಲಿ ಸೋರಿಕೆ, ಬಾಯಲ್ಲಿ ಹುಣ್ಣು, ಭೇದಿ, ಉಬ್ಬಸ ಇದರ ಲಕ್ಷಣಗಳು.

ಸೋಂಕು ತಗಲಿದ ಮೇಕೆ ಮೊದಲ ಕೆಲವು ದಿನ ನೋಡಲು ಗಟ್ಟಿಯಾಗಿಯೇ ಇರುತ್ತದೆ. ಆದ್ದರಿಂದ ‘ನಾನು ನೋಡಿಯೇ ತಂದೆ, ಚೆನ್ನಾಗಿತ್ತು’ ಎಂಬ ಮಾತಿಗೆ ಬೆಲೆಯಿಲ್ಲ. ಕಾಲುಬಾಯಿ ಜ್ವರ, ಕುರಿ ಸಿಡುಬು, ಕಜ್ಜಿ, ಹೊಟ್ಟೆಹುಳು ಕೂಡ ಸಂತೆಯಿಂದ ಹೀಗೆಯೇ ಬರುತ್ತವೆ.

ಹೊರಡುವ ಮುನ್ನ

ಪಿ.ಪಿ.ಆರ್.ಗೆ ಒಳ್ಳೆಯ ಲಸಿಕೆ ಇದೆ. ನಾಲ್ಕು ತಿಂಗಳು ತುಂಬಿದ ಮರಿಗೆ ಒಮ್ಮೆ ಚುಚ್ಚಿಸಿದರೆ ಸುಮಾರು ಮೂರು ವರ್ಷ ರಕ್ಷಣೆ ಸಿಗುತ್ತದೆ. 1925ರಲ್ಲಿ ದನಗಳ ದೊಡ್ಡರೋಗಕ್ಕೆ ಸೀರಂ ತಯಾರಿಸಲು ಆರಂಭವಾದ ಬೆಂಗಳೂರಿನ ಹೆಬ್ಬಾಳದ ಸಂಸ್ಥೆ ಈ ಲಸಿಕೆಯನ್ನೂ ತಯಾರಿಸಿದೆ. ಲಸಿಕೆ ಮೈಗೆ ಹಿಡಿಯಲು ದಿನ ಬೇಕು. ಸಂತೆಯ ಹಿಂದಿನ ದಿನ ಹಾಕಿಸಿದರೆ ಪ್ರಯೋಜನವಿಲ್ಲ. ಕನಿಷ್ಠ ಮೂರು ವಾರ ಮುಂಚೆ ಹಾಕಿಸಿ. ಒಯ್ಯುವ ಮರಿಗಳಿಗಷ್ಟೇ ಅಲ್ಲ, ಮನೆಯಲ್ಲಿ ಉಳಿಯುವವಕ್ಕೂ ಹಾಕಿಸಿ.

ತಳಿಗೆ ಇಟ್ಟುಕೊಂಡ ಹೋತ, ಟಗರು, ತುಂಬು ಗಬ್ಬದ ಮೇಕೆ ಇವುಗಳನ್ನು ಸಂತೆಗೆ ಹೊಡೆಯಲೇಬೇಡಿ. ಉಳಿದ ಮರಿಯನ್ನು ಕಡಿಮೆ ಬೆಲೆಗೆ ಕೊಡುವುದೋ, ವಾಪಸು ತರುವುದೋ ಎಂಬುದನ್ನು ಮನೆಯಲ್ಲಿಯೇ ತೀರ್ಮಾನಿಸಿಕೊಂಡು ಹೊರಡಿ. ತರುವುದಾದರೆ ಬೇರೆ ಜಾಗ ಸಿದ್ಧವಾಗಿರಲಿ.

ಲಾರಿಯಲ್ಲಿ

ಪ್ರಾಣಿ ಸಾಗಾಣಿಕೆಗೆ 1978ರ ನಿಯಮಗಳಿವೆ. ಪಶುವೈದ್ಯರ ಪ್ರಮಾಣಪತ್ರ ಜೊತೆಗಿರಬೇಕು. ನಾಲ್ಕೂವರೆ ಐದು ಟನ್ನಿನ ಲಾರಿಯಲ್ಲಿ 40ಕ್ಕಿಂತ ಹೆಚ್ಚು ಕುರಿ ಮೇಕೆ ತುಂಬುವಂತಿಲ್ಲ. ಕೆಳಗೆ ಎರಡು ಅಂಗುಲ ದಪ್ಪ ಹುಲ್ಲು ಹಾಸಿರಬೇಕು. 2015ರಲ್ಲಿ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯಂತೆ ಒಂದೊಂದಕ್ಕೂ 0.3 ಚದರ ಮೀಟರು, ಅಂದರೆ ಮೂರು ಚದರ ಅಡಿಗೆ ಸ್ವಲ್ಪ ಹೆಚ್ಚು ಜಾಗ ಬೇಕು. ಇದು ಬರೀ ಕಾನೂನಿನ ಮಾತಲ್ಲ. ಇಕ್ಕಟ್ಟಿನಲ್ಲಿ ಬಳಲಿದ ಮೇಕೆಯ ಮೈ ಸೋಲುತ್ತದೆ, ಸೋತ ಮೈಗೆ ರೋಗ ಬೇಗ ಹತ್ತುತ್ತದೆ. ಕಾಲು ಕಟ್ಟಿ ಉರುಳಿಸಬೇಡಿ. ದೊಡ್ಡ ಹೋತಗಳನ್ನೂ ಮರಿಗಳನ್ನೂ ಬೇರೆ ಬೇರೆ ನಿಲ್ಲಿಸಿ. ಬಿಸಿಲು ಏರುವ ಮುಂಚೆ ಊರು ಸೇರುವಂತೆ ಹೊರಡಿ.

ಹೊಸ ಮನೆಯ ಮೊದಲ 21 ದಿನ

ಬಂದ ಮೇಕೆಯನ್ನು, ಅದು ನಿಮ್ಮದೇ ಆಗಿರಲಿ, ಕೊಂಡದ್ದೇ ಆಗಿರಲಿ, 21 ದಿನ ಬೇರೆ ಕಟ್ಟಿ. ಹಿತ್ತಲಿನ ಮೂಲೆ, ಹೊಲದ ಗುಡಿಸಲು ಯಾವುದಾದರೂ ಆದೀತು. ಹಳೆಯ ಮಂದೆಯ ಮೂತಿ ತಾಗಬಾರದು, ನೀರಿನ ತೊಟ್ಟಿ ಒಂದೇ ಆಗಬಾರದು, ಮೇಯುವ ದಾರಿ ಕೂಡಬಾರದು. ಮನೆಯ ಮಂದೆಗೆ ಮೊದಲು ಮೇವು ಹಾಕಿ, ಹೊಸದರ ಬಳಿಗೆ ಆಮೇಲೆ ಹೋಗಿ. ಬಂದು ಕೈಕಾಲು ಸಾಬೂನಿನಿಂದ ತೊಳೆದುಕೊಳ್ಳಿ. ಲೀಟರು ನೀರಿಗೆ 40 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಲಾರಿಯ ಹಲಗೆ, ಬಾನಿ, ಹಗ್ಗಗಳನ್ನು ತೊಳೆದು ಬಿಸಿಲಿಗೆ ಹಾಕಿ. ಪಿ.ಪಿ.ಆರ್. ವೈರಾಣು ಬಿಸಿಲಿಗೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಿಸಿಲು ಬಡವನ ಔಷಧಿ.

ಮೊದಲ ದಿನ ಸ್ವಲ್ಪ ಸ್ವಲ್ಪವಾಗಿ ನೀರು, ಆಮೇಲೆ ಒಣ ಮೇವು ಅಷ್ಟೇ ಕೊಡಿ. ಹಸಿದು ಬಂದಿದೆಯೆಂದು ರಾಗಿ, ಅಕ್ಕಿ, ಜೋಳ ಸುರಿದರೆ ಹೊಟ್ಟೆ ಹುಳಿಯಾಗಿ ಸತ್ತೀತು. ಹಿಂಡಿ, ಬೂಸಾ, ಎಳೆ ಹುಲ್ಲುಗಳನ್ನು ವಾರದ ಮೇಲೆ ದಿನಕ್ಕಿಷ್ಟಿಷ್ಟೇ ಏರಿಸಿ. ಜಂತಿನ ಔಷಧಿಯನ್ನು ಪಶುವೈದ್ಯರು ಹೇಳಿದ ಅಳತೆಯಲ್ಲಿ ಕುಡಿಸಿ.

ಪೇಟೆಯ ಮನೆಯಲ್ಲಿ ಸಾಕಿದ ಮೇಕೆಯನ್ನು ನೆಂಟರು ಕೊಟ್ಟರೆ ಇನ್ನೊಂದು ಎಚ್ಚರ ಬೇಕು. ಕಟ್ಟಿದ ಹಲಸಿನ ಸೊಪ್ಪು, ತರಕಾರಿ ಸಿಪ್ಪೆ ತಿಂದು ಬೆಳೆದ ಅದಕ್ಕೆ ಕಾಡಿನ ಮೇವು ತಿಳಿಯದು. ಕಣಗಿಲೆ, ಲಂಟಾನದಂಥ ವಿಷದ ಗಿಡಕ್ಕೆ ಬಾಯಿ ಹಾಕಬಹುದು. ಬೀದಿಯ ಪ್ಲಾಸ್ಟಿಕ್ ತಿಂದಿದ್ದರೆ ಹೊಟ್ಟೆ ಉಬ್ಬಿ ಮೇವು ಬಿಡುತ್ತದೆ. ಒಂಟಿಯಾದ ಮೇಕೆ ಕೂಗಿ ಕೂಗಿ ಸೊರಗುತ್ತದೆ. ಆದಷ್ಟು ಜೋಡಿಯಾಗಿ ತನ್ನಿ.

ದನಕ್ಕೂ ಇದೇ ಮಾತು

1978ರ ನಿಯಮದಲ್ಲಿ ಒಂದು ಲಾರಿಗೆ ದನ ಆರೇ. ಕೊಂಡ ಹಸುವಿಗೆ ಕಂದು ಹಾಕಿಸುವ ಬ್ರುಸೆಲ್ಲೋಸಿಸ್ ಇದೆಯೋ ಎಂದು ರಕ್ತ ಪರೀಕ್ಷೆ ಮಾಡಿಸಿ, ಕೆಚ್ಚಲು ನೋಡಿಸಿ, ಆಮೇಲೆ ಕೊಟ್ಟಿಗೆಗೆ ಕಟ್ಟಿ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ನಮ್ಮ ರಾಜ್ಯದಲ್ಲಿ ದನದ ಸಂತೆ, ಜಾತ್ರೆಗಳನ್ನೇ ತಡೆಯಬೇಕಾಯಿತು. ಸಂತೆ ನಿಂತರೆ ಕೊಳ್ಳುವವನಿಗೂ ನಷ್ಟ, ಮಾರುವವನಿಗೂ ನಷ್ಟ.

ದನಗಳ ದೊಡ್ಡರೋಗ ಒಂದು ಕಾಲಕ್ಕೆ ಕೊಟ್ಟಿಗೆಗಳನ್ನು ಬರಿದು ಮಾಡಿತ್ತು. ಲಸಿಕೆಯಿಂದಲೂ ಎಚ್ಚರದಿಂದಲೂ ಅದು ಜಗತ್ತಿನಿಂದಲೇ ಅಳಿದುಹೋಯಿತೆಂದು 2011ರಲ್ಲಿ ಸಾರಲಾಯಿತು. ಪಿ.ಪಿ.ಆರ್. ಅದೇ ಕುಲದ ರೋಗ. ಇದನ್ನೂ 2030ರೊಳಗೆ ಅಳಿಸುವ ಗುರಿಯನ್ನು ಜಗತ್ತಿನ ದೇಶಗಳು ಇಟ್ಟುಕೊಂಡಿವೆ. ಆ ಕೆಲಸ ಹೆಬ್ಬಾಳದ ಲಸಿಕೆಯೊಂದರಿಂದಲೇ ಆಗದು. ನಿಮ್ಮ ಹಿತ್ತಲಿನ ಮೂಲೆಯಲ್ಲೂ ಆಗಬೇಕು. ಮುಂದಿನ ಹಬ್ಬದ ಸಂತೆಗೆ ಹೊರಡುವ ಮೊದಲು ಅಲ್ಲಿ ನಾಲ್ಕು ಗೂಟ ನೆಟ್ಟು, ಒಂದು ಸೋಗೆ ಚಪ್ಪರ ಹಾಕಿಟ್ಟು ಹೊರಡಿ.