‘ಪ್ರಾರ್ಥಿಸ್ತೀನಿ ಬ್ರದರ್’ ಅಂದ ಮೇಲೆ...

ಎರಡು ವರ್ಷದ ಹಿಂದೆ ಒಂದು ಗುರುವಾರ ಬೆಳಿಗ್ಗೆ 11 ಗಂಟೆಗೆ ಎಚ್‌ಆರ್ ಕಡೆಯವರು 15 ನಿಮಿಷದ ಮೀಟಿಂಗ್‌ಗೆ ಕರೆದರು. ಮೀಟಿಂಗ್ ಮುಗಿಯುವ ಹೊತ್ತಿಗೆ ನನ್ನ ಲ್ಯಾಪ್‌ಟಾಪ್ ಲಾಕ್ ಆಗಿತ್ತು. ಆರು ವರ್ಷದ ಕೆಲಸ ಅಲ್ಲಿಗೆ ಮುಗೀತು.

ಆ ಭಾನುವಾರ ಎಂದಿನಂತೆ ಆರಾಧನೆಗೆ ಹೋದೆ. ಬಾಗಿಲಲ್ಲಿ ಕೈ ಕುಲುಕಿದವರೆಲ್ಲ ‘ಹೇಗಿದ್ದೀರಾ ಬ್ರದರ್?’ ಅಂದರು. ‘ದೇವರ ಕೃಪೆ, ಚೆನ್ನಾಗಿದ್ದೀನಿ’ ಅಂದೆ. ಹೀಗೆ ಏಳು ಭಾನುವಾರ ಸುಳ್ಳು ಹೇಳಿದೆ. ಅದೂ ದೇವಾಲಯದ ಬಾಗಿಲಲ್ಲಿ ನಿಂತುಕೊಂಡು!

ಎಂಟನೇ ವಾರ ಯುವಜನ ಕೂಟದಲ್ಲಿ ಪ್ರಾರ್ಥನಾ ವಿಷಯ ಕೇಳಿದಾಗ ತಡೆಯಲಾಗದೆ ಬಾಯಿಬಿಟ್ಟೆ. ರಾತ್ರಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 23 ಜೋಡಿಸಿದ ಕೈಗಳು ಬಂದವು. ಕೂತು ಎಣಿಸಿದ್ದೆ. ಮರುದಿನ ಸಂಜೆಯವರೆಗೂ ಒಂದು ಫೋನ್ ಬರಲಿಲ್ಲ.

ಯಾರನ್ನೂ ದೂರೋದಕ್ಕೆ ಇದನ್ನು ಬರೀತಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಅದೇ ಗ್ರೂಪಿನಲ್ಲಿ ಗೆಳೆಯನೊಬ್ಬ ‘ಅಪ್ಪ ಐಸಿಯುನಲ್ಲಿದ್ದಾರೆ’ ಅಂತ ಬರೆದಾಗ ನಾನು ಮಾಡಿದ್ದೂ ಇಷ್ಟೇ. ಜೋಡಿಸಿದ ಕೈ ಒತ್ತಿ, ಆಫೀಸಿನ ಕಾಲ್‌ಗೆ ಸೇರಿಕೊಂಡಿದ್ದೆ. ನಿಜ ಹೇಳಬೇಕಂದ್ರೆ ಪ್ರಾರ್ಥನೆಯನ್ನೂ ಮಾಡಿರಲಿಲ್ಲ. ಅವನ ಅಪ್ಪ ಉಳಿಯಲಿಲ್ಲ.

ಒಬ್ಬರನ್ನೊಬ್ಬರು ಸಂತೈಸಿ, ಕಟ್ಟಿ ಬೆಳೆಸಿ ಅಂತ ಪೌಲ ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ 5ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಅದರ ಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇವೆ. ಆದರೆ ಸೋಮವಾರ ಬೆಳಿಗ್ಗೆ ಅದನ್ನು ಮಾಡೋದು ಹೇಗೆ? ಕೆಲಸ ಇಲ್ಲದ ಆ ಐದು ತಿಂಗಳಲ್ಲಿ ನನಗೆ ಆಸರೆಯಾದ ಕೆಲವು ಸಂಗತಿಗಳು ಇಲ್ಲಿವೆ.

‘ಏನಾದ್ರೂ ಬೇಕಾದ್ರೆ ಹೇಳಿ’ ಅನ್ನಬೇಡಿ

ಕಷ್ಟದಲ್ಲಿರುವವರು ಹೇಳಲ್ಲ. ನಾಚಿಕೆ ಬಿಡಲ್ಲ. ಎರಡನೇ ದಿನ ಸಂಜೆ ನಮ್ಮ ಸಭೆಯ ಆಂಟಿಯೊಬ್ಬರು ಎರಡು ಬಸ್ ಬದಲಾಯಿಸಿ ನನ್ನ ರೂಮಿಗೆ ಬಂದರು. ಡಬ್ಬಿಯಲ್ಲಿ ಮೀನು ಸಾರು, ಅನ್ನ. ನಾನು ಊಟ ಮಾಡುವವರೆಗೂ ಸುಮ್ಮನಿದ್ದು ಆಮೇಲೆ ಕೇಳಿದ್ದು ಒಂದೇ: ‘ಬಾಡಿಗೆ ಯಾವ ತಾರೀಕಿಗೆ ಕೊಡಬೇಕು ಮಗಾ?’

ಆ ಪ್ರಶ್ನೆಗೆ ಅತ್ತುಬಿಟ್ಟೆ. ಅಮ್ಮನಿಗೂ ಹೇಳಿರದ ಚಿಂತೆ ಅದು.

‘ಶನಿವಾರ ಊಟ ತರ್ತೀನಿ’, ‘ನಾಳೆ ಮಗೂನ ಸ್ಕೂಲಿನಿಂದ ನಾನು ಕರ್ಕೊಂಡು ಬರ್ತೀನಿ’, ‘ನಿಮ್ಮ ರೆಸ್ಯುಮೆ ಕಳಿಸಿ, ಇವತ್ತೇ ನೋಡ್ತೀನಿ’ ಅಂತ ಹೀಗೆ ನಿರ್ದಿಷ್ಟವಾಗಿ ಹೇಳಿ. ಬೇಡ ಅನ್ನೋದು ಅವರಿಗೆ ಬಿಟ್ಟದ್ದು.

ಪ್ರಾರ್ಥನೆಯನ್ನು ಅಲ್ಲೇ ಮಾಡಿ

ಈಗ ನನ್ನದೊಂದು ನಿಯಮ ಇದೆ. ‘ಪ್ರಾರ್ಥಿಸ್ತೀನಿ’ ಅಂತ ಟೈಪ್ ಮಾಡುವ ಮೊದಲು ಪ್ರಾರ್ಥಿಸಬೇಕು. ಆಗುತ್ತೆ ಅಂದ್ರೆ ಫೋನ್ ಮಾಡಿ, ಅವರ ಹೆಸರು ಹಿಡಿದು ಎರಡು ನಿಮಿಷ. ಸರ್ಜರಿ, ಇಂಟರ್‌ವ್ಯೂ, ಕೋರ್ಟ್ ತಾರೀಕು ಏನೇ ಇದ್ದರೂ ಫೋನಿನ ಕ್ಯಾಲೆಂಡರ್‌ಗೆ ಹಾಕ್ತೀನಿ. ಅವತ್ತು ಸಂಜೆ ‘ಏನಾಯ್ತು?’ ಅಂತ ಕೇಳಿದರೆ ಅವರಿಗೆ ಆಗುವ ಸಮಾಧಾನವೇ ಬೇರೆ.

ವಚನಕ್ಕೆ ಮೊದಲು ಕಿವಿ ಕೊಡಿ

ಯೋಬನ ಸ್ನೇಹಿತರನ್ನು ನಾವೆಲ್ಲ ಬೈಯುತ್ತೇವೆ. ಆದರೆ ಅವರು ಮೊದಲು ಮಾಡಿದ ಕೆಲಸ ಸರಿಯಾಗಿತ್ತು. ಏಳು ದಿನ, ಏಳು ರಾತ್ರಿ ಮಾತಿಲ್ಲದೆ ಅವನ ಜೊತೆ ನೆಲದ ಮೇಲೆ ಕೂತರು. ಕೆಟ್ಟದ್ದು ಅವರು ಬಾಯಿ ತೆಗೆದ ಮೇಲೆ!

‘ದೇವರಿಗೆ ಬೇರೆ ಯೋಜನೆ ಇದೆ’ ಅನ್ನೋ ಮಾತು ಸುಳ್ಳಲ್ಲ. ಆದರೆ ಇಎಂಐ ಬೌನ್ಸ್ ಆದ ದಿನ ಅದು ಬೇಗ ಮಾತು ಮುಗಿಸಿ ಹೋಗುವವರ ಮಾತಿನ ಹಾಗೆ ಕೇಳಿಸುತ್ತೆ. ವಚನ ಹಂಚಿಕೊಳ್ಳಿ, ಆದರೆ ಪೂರ್ತಿ ಕೇಳಿಸಿಕೊಂಡ ಮೇಲೆ.

ಕಂಡದ್ದನ್ನು ಹೆಸರು ಹಿಡಿದು ಹೇಳಿ

ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯವನ್ನು ನಾನು ಯಾವಾಗಲೂ ಹಾರಿಸಿ ಓದ್ತಿದ್ದೆ. ಬರೀ ಹೆಸರುಗಳು ಅಂತ. ಈಗ ಅದೇ ನನ್ನ ಮೆಚ್ಚಿನ ಅಧ್ಯಾಯ. ಪೌಲ ಅಲ್ಲಿ 20ಕ್ಕೂ ಹೆಚ್ಚು ಜನರನ್ನು ಹೆಸರು ಹಿಡಿದು ವಂದಿಸುತ್ತಾನೆ. ಯಾರು ಶ್ರಮಪಟ್ಟರು, ಯಾರು ತನಗಾಗಿ ಪ್ರಾಣವನ್ನೇ ಪಣಕ್ಕಿಟ್ಟರು, ಯಾರ ತಾಯಿ ತನಗೂ ತಾಯಿಯಂತಿದ್ದಳು ಅಂತ ಒಬ್ಬೊಬ್ಬರ ವಿಷಯ ಹೇಳುತ್ತಾನೆ.

ನಮ್ಮ ಸಭೆಯಲ್ಲಿ ಬೆಳಿಗ್ಗೆ ಆರಕ್ಕೇ ಬಂದು ಬೆಂಚು ಒರೆಸುವವರ ಹೆಸರು ನಿಮಗೆ ಗೊತ್ತಾ? ಭಾನುವಾರ ಶಾಲೆಯಲ್ಲಿ ತುಂಟ ಮಕ್ಕಳನ್ನು ಸಂಭಾಳಿಸುವ ಆ ಕಾಲೇಜು ಹುಡುಗಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳಿದ್ದಾರಾ? ‘ಗಾಡ್ ಬ್ಲೆಸ್ ಯೂ’ ಎಲ್ಲರೂ ಹೇಳ್ತಾರೆ. ‘ನೀವು ಕಲಿಸಿದ ಹಾಡನ್ನ ನನ್ನ ಮಗಳು ವಾರವೆಲ್ಲ ಹಾಡಿದಳು’ ಅನ್ನಿ. ಅವರು ಇನ್ನೊಂದು ವರ್ಷ ಖುಷಿಯಿಂದ ಕಲಿಸುತ್ತಾರೆ.

ಬಿದ್ದವರಿಗೆ ಜವಾಬ್ದಾರಿ ಕೊಡಿ

ಕುಪ್ರದ್ವೀಪದ ಯೋಸೇಫ ಅಂದರೆ ಯಾರಿಗೂ ಗೊತ್ತಾಗಲ್ಲ. ಬಾರ್ನಬ ಅಂದರೆ ಗೊತ್ತು. ಧೈರ್ಯ ತುಂಬುವವನು ಅಂತ ಅಪೊಸ್ತಲರು ಅವನಿಗಿಟ್ಟ ಹೆಸರು ಅದು. ಹಿಂಸಕನಾಗಿದ್ದ ಸೌಲನನ್ನು ಎಲ್ಲರೂ ದೂರ ಇಟ್ಟಾಗ ಅಪೊಸ್ತಲರ ಹತ್ತಿರ ಕರ್ಕೊಂಡು ಹೋದವನು ಅವನೇ. ಪ್ರಯಾಣದ ಮಧ್ಯೆ ಬಿಟ್ಟು ಹೋಗಿದ್ದ ಮಾರ್ಕನಿಗೆ ಇನ್ನೊಂದು ಅವಕಾಶ ಕೊಡಬೇಕು ಅಂತ ಪೌಲನ ಜೊತೆ ಜಗಳವಾಡಿದ್ದೂ ಅವನೇ. ಮುಂದೆ ಅದೇ ಪೌಲ, ಮಾರ್ಕನನ್ನು ಕರ್ಕೊಂಡು ಬಾ, ನನಗೆ ಅವನು ಬೇಕು ಅಂತ ತಿಮೊಥೆಯನಿಗೆ ಬರೆದ.

ಕೆಲಸ ಹೋಗಿದ್ದಾಗ ನಮ್ಮ ಅಯ್ಯನವರು ನನಗೆ ಉಪದೇಶ ಮಾಡಲಿಲ್ಲ. ‘ಹಗಲು ಪುರುಸೊತ್ತಿದೆ ಅಲ್ವಾ? ಹಳೇ ರಿಜಿಸ್ಟರ್‌ಗಳನ್ನೆಲ್ಲ ಕಂಪ್ಯೂಟರ್‌ಗೆ ಹಾಕಿಕೊಡ್ತೀಯಾ?’ ಅಂದರು. ಯಾರಿಗೂ ಬೇಡವಾದೆ ಅಂದುಕೊಂಡಿದ್ದವನಿಗೆ ಬೆಳಿಗ್ಗೆ ಎದ್ದು ಸ್ನಾನ ಮಾಡೋಕೆ ಒಂದು ಕಾರಣ ಸಿಕ್ಕಿತು.

ಗುಟ್ಟು ಕಾಪಾಡಿ, ಡಾಕ್ಟರ್ ಹತ್ತಿರವೂ ಕಳಿಸಿ

ಪ್ರಾರ್ಥನಾ ವಿಷಯ ಅನ್ನೋ ಹೆಸರಲ್ಲಿ ಒಬ್ಬರ ಮನೆ ಸುದ್ದಿ ಮೂರು ಸಭೆಗೆ ಹರಡೋದನ್ನು ನೋಡಿದ್ದೇನೆ. ಇನ್ನೊಬ್ಬರಿಗೆ ಹೇಳುವ ಮೊದಲು ಅವರನ್ನೇ ಕೇಳಿ. ಆದರೆ ಯಾರಾದರೂ ‘ಬದುಕೋದೇ ಬೇಡ ಅನಿಸ್ತಿದೆ’ ಅಂದರೆ ಒಬ್ಬರೇ ಹೊತ್ತುಕೊಳ್ಳಬೇಡಿ. ಅವರನ್ನು ಒಂಟಿಯಾಗಿ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ. ಮನೋವೈದ್ಯರ ಹತ್ತಿರ ಹೋದರೆ ವಿಶ್ವಾಸ ಕಡಿಮೆ ಅಂತ ಅರ್ಥವಲ್ಲ.

ಐದನೇ ತಿಂಗಳು ನನಗೆ ಕೆಲಸ ಸಿಕ್ಕಿತು. ಮೊದಲ ಸಂಬಳ ಬಂದ ವಾರ ಆ ಗೆಳೆಯನ ಮನೆಗೆ ಹೋದೆ. ‘ನಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ಪ್ರಾರ್ಥಿಸ್ತೀನಿ ಅಂದಿದ್ದೆ ಕಣೋ. ಮಾಡಿರಲಿಲ್ಲ. ನೋಡೋಕೂ ಬರಲಿಲ್ಲ. ತಪ್ಪಾಯ್ತು’ ಅಂದೆ.

ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ‘ಗೊತ್ತಿತ್ತು’ ಅಂದ. ಆಮೇಲೆ, ‘ಅಪ್ಪನ ಫೋಟೋ ನೋಡ್ತೀಯಾ?’ ಅಂದ. ರಾತ್ರಿ ಹನ್ನೊಂದರವರೆಗೂ ಆಲ್ಬಮ್ ನೋಡುತ್ತಾ ಕೂತಿದ್ದೆವು. ನಾನು ಹೆಚ್ಚೇನೂ ಮಾತಾಡಲಿಲ್ಲ.

ನಿಮ್ಮ ಫೋನಿನಲ್ಲೂ ಕೈ ಜೋಡಿಸಿ ಕಳಿಸಿ ಮರೆತ ಒಂದು ಮೆಸೇಜ್ ಇರಬಹುದು. ಇದನ್ನು ಓದಿ ಮುಗಿಸಿದ ಮೇಲೆ ಅವರಿಗೊಂದು ಫೋನ್ ಮಾಡಿ. ತಡವಾಯ್ತು ಅನಿಸಿದರೂ ಪರವಾಗಿಲ್ಲ, ಮಾಡಿ.